ಔಷಧಿ ಬೇಡ ಎಂದು ಹೇಳುವವರು ಬೇಕು



ತೆಂಗಿನ ಗರಿಯ ತಳಭಾಗದಲ್ಲಿ ಬಿಳಿ ಮೇಣದ ಸುರುಳಿಗಳನ್ನು ಮೂಡಿಸುವ ಬಿಳಿನೊಣ ಭಾರತದಲ್ಲಿ ಮೊದಲು ಕಂಡದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಭಾಗದ ತೋಟಗಳಲ್ಲಿ. ಅಲ್ಲಿಂದ ಕರ್ನಾಟಕದ ತೆಂಗಿನ ಸೀಮೆಗೂ ಹರಡಿತು. ನೊಣ ರಸ ಹೀರಿ ಹೊರಹಾಕುವ ಸಿಹಿ ಅಂಟು ಕೆಳಗಿನ ಗರಿಗಳ ಮೇಲೆ ಬೀಳುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಮರವೆಲ್ಲ ಮಸಿ ಹಿಡಿದಂತಾದಾಗ ಬೆಳೆಗಾರ ಗಾಬರಿಯಾಗುವುದು ಸಹಜ. ಬಾಳೆ, ಸೀಬೆ, ಪೇಟೆಯ ಮನೆಯ ಹಿತ್ತಲಲ್ಲಿ ನಿಂತ ಒಂಟಿ ತೆಂಗು, ಯಾವುದನ್ನೂ ಈ ನೊಣ ಬಿಟ್ಟಿಲ್ಲ.

ಇದಕ್ಕೆ ಸರಿಯಾದ ಸಲಹೆ ಇಲ್ಲವೆಂದಲ್ಲ. ಎನ್ಕಾರ್ಸಿಯಾ ಎಂಬ ಸಣ್ಣ ಕಣಜವೊಂದು ಬಿಳಿನೊಣದ ಮರಿಗಳಲ್ಲಿ ಮೊಟ್ಟೆಯಿಟ್ಟು ಅವನ್ನು ಕೊಲ್ಲುತ್ತದೆ. ರಾಸಾಯನಿಕ ಕೀಟನಾಶಕ ಹೊಡೆದರೆ ಈ ಕಣಜವೂ ಸಾಯುತ್ತದೆ, ಕಾವಲಿಲ್ಲದ ನೊಣ ಮತ್ತೆ ಹೆಚ್ಚುತ್ತದೆ. ಆದ್ದರಿಂದ ವಿಜ್ಞಾನಿಗಳ ಮೊದಲ ಮಾತು: ಔಷಧಿ ಹೊಡೆಯಬೇಡಿ. ಕಣಜವಿರುವ ಗರಿಯ ತುಂಡುಗಳನ್ನು ಹೊಸದಾಗಿ ನೊಣ ಬಿದ್ದ ಮರಕ್ಕೆ ಕಟ್ಟಬೇಕು. ಎಳೆ ಮರವಾದರೆ ಗರಿಗಳ ತಳಕ್ಕೆ ರಭಸವಾಗಿ ನೀರು ಹಾಯಿಸಬೇಕು. ಮಸಿಗೆ ಶೇ 1ರ ಗಂಜಿ ದ್ರಾವಣ ಸಿಂಪಡಿಸಿದರೆ ಅದು ಒಣಗಿ ಪದರವಾಗಿ ಕಳಚುತ್ತದೆ. ಬಾಧೆ ತೀರಾ ಹೆಚ್ಚಾದಾಗ ಮಾತ್ರ ಸೋಪಿನೊಡನೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ. ಈ ನೊಣವನ್ನು ಕೊಲ್ಲುವ ಶಿಲೀಂಧ್ರದ ಮೇಲೂ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಕೆಲಸ ಮಾಡಿದೆ. ತೆಂಗಿನ ಇನ್ನೊಂದು ಕೀಟವಾದ ಕಪ್ಪುತಲೆ ಹುಳುವಿಗೆ ಪರತಂತ್ರ ಜೀವಿಗಳನ್ನು ಬೆಳೆಸಿ ತೋಟಕ್ಕೆ ಬಿಡುವ ರೂಢಿಯಂತೂ ತೋಟಗಾರಿಕೆ ಇಲಾಖೆಗೆ ಹಳೆಯದು.

ಇಷ್ಟೆಲ್ಲ ತಿಳಿವಳಿಕೆ ಇದ್ದೂ ರೋಗ ಹಿಡಿದ ಗರಿ ಕೈಯಲ್ಲಿ ಹಿಡಿದು ರೈತ ಮೊದಲು ಹೋಗುವುದು ಔಷಧಿ ಅಂಗಡಿಗೆ. ಅಲ್ಲಿ ಸಲಹೆ ಪುಕ್ಕಟೆ, ಸಾಲವೂ ಸಿಗುತ್ತದೆ, ಬಾಗಿಲು ಸಂಜೆಯವರೆಗೂ ತೆರೆದಿರುತ್ತದೆ. ವ್ಯಾಪಾರಿಗಳ ತಿಳಿವಳಿಕೆ ಹೆಚ್ಚಿಸಲು ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಿಂದ ಒಂದು ವರ್ಷದ ಡಿಪ್ಲೊಮಾ ನಡೆಸುತ್ತಿದೆ. ಅದು ಒಳ್ಳೆಯದೇ. ಆದರೆ ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ. ಏನನ್ನೂ ಕೊಳ್ಳದೆ ಮನೆಗೆ ಹೋಗಿ ಎನ್ನುವ ಸಲಹೆಯನ್ನು ಮಾರಾಟದಿಂದ ಬದುಕುವವರಿಂದ ನಿರೀಕ್ಷಿಸುವುದೇ ತಪ್ಪು. ಆ ಮಾತನ್ನು ಸರ್ಕಾರದ ವಿಸ್ತರಣಾ ವ್ಯವಸ್ಥೆಯೇ ಹೇಳಬೇಕು.

ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಬಂದದ್ದು 2000ದಲ್ಲಿ, ಸಲಹೆ ಊರ ಹತ್ತಿರ ಸಿಗಲಿ ಎಂದೇ. ಈಗ ಅಲ್ಲಿ ರಿಯಾಯಿತಿ ಬಿತ್ತನೆ ಬೀಜ, ಟಾರ್ಪಾಲು, ಸ್ಪ್ರಿಂಕ್ಲರ್ ಪೈಪುಗಳ ವಿತರಣೆಯೇ ಮುಖ್ಯ ಕೆಲಸವಾಗಿ ಕಾಣುತ್ತದೆ. ಮುಂಗಾರಿನ ಹೊತ್ತಿಗೆ, ಅಂದರೆ ಸಲಹೆ ಅತ್ಯಂತ ಬೇಕಾದ ಹೊತ್ತಿಗೆ, ಸಿಬ್ಬಂದಿ ಬೀಜದ ಸಾಲು ನಿಭಾಯಿಸುತ್ತಿರುತ್ತಾರೆ. ಇನ್ನೊಂದು ತೊಡಕೂ ಇದೆ. ಒಂದೇ ಹೊಲದ ರಾಗಿ ಕೃಷಿ ಇಲಾಖೆಗೆ ಸೇರಿದ್ದು, ಬದುವಿನ ತೆಂಗು ತೋಟಗಾರಿಕೆಗೆ, ಹಿಪ್ಪುನೇರಳೆ ರೇಷ್ಮೆ ಇಲಾಖೆಗೆ. ಹೊಲ ಒಂದೇ ಆದರೂ ರೈತ ಮೂರು ಕಚೇರಿ ಅಲೆಯಬೇಕು. ನಮ್ಮ ತುಮಕೂರು ಜಿಲ್ಲೆಯ ಕೊನೇಹಳ್ಳಿ, ಹಿರೇಹಳ್ಳಿಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಷಯ ತಜ್ಞರಿದ್ದಾರೆ ನಿಜ. ಆದರೆ ಒಂದು ಕೇಂದ್ರಕ್ಕೆ ಮಂಜೂರಾದ ತಜ್ಞರು ಆರು ಮಂದಿ, ಜಿಲ್ಲೆಗೆ ಹತ್ತು ತಾಲ್ಲೂಕು. 2004ರಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರ್ ಕನ್ನಡದಲ್ಲೇ ಉತ್ತರಿಸುತ್ತದೆ, ಗರಿಯನ್ನು ನೋಡಲಾರದು.

ಕೈಗೆ ಬರುವ ಲಿಖಿತ ಸಲಹೆಯ ಸ್ಥಿತಿಯೂ ಸಮಾಧಾನಕರವಲ್ಲ. 2015ರ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಫಲಿತಾಂಶವಿರುತ್ತದೆ. ಆದರೆ ಮಾದರಿ ತೆಗೆಯುವ ಕ್ರಮದಲ್ಲಿ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ. ಎರಡೆಕರೆ ರೈತನ ಚೀಟಿಯಲ್ಲಿರುವುದು ಪಕ್ಕದವರ ಹೊಲದ ಮಣ್ಣಿರಬಹುದು. ಫಲ ಕೊಡುವ ತೆಂಗಿಗೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1200 ಗ್ರಾಂ ಪೊಟ್ಯಾಷ್ ಎಂಬ ಸಾಮಾನ್ಯ ಶಿಫಾರಸು ಎಲ್ಲೆಡೆ ಅಚ್ಚಾಗಿದೆ. ಅದು ಸುಮಾರು 1.1 ಕಿಲೋ ಯೂರಿಯಾ, 2 ಕಿಲೋ ಸೂಪರ್ ಫಾಸ್ಫೇಟ್, 2 ಕಿಲೋ ಮ್ಯುರಿಯೇಟ್ ಆಫ್ ಪೊಟ್ಯಾಷ್ ಎಂದು ಬಿಡಿಸಿ ಬರೆದರೆ ತಾನೇ ಗೊಬ್ಬರದ ಚೀಲದ ಮುಂದೆ ನಿಂತವರಿಗೆ ಉಪಯೋಗ? ಮಣ್ಣಿನಲ್ಲಿ ಪೊಟ್ಯಾಷ್ ಸಾಕಷ್ಟಿದ್ದರೆ ಎಷ್ಟು ಕಡಿಮೆ ಮಾಡಬಹುದು ಎಂಬುದನ್ನೂ ಅಲ್ಲೇ ಹೇಳಬೇಕು.

ಸರ್ಕಾರ ಮಾಡಬಹುದಾದ ಕೆಲಸ ದೊಡ್ಡ ಖರ್ಚಿನದಲ್ಲ. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ವಾರದ ಒಂದು ದಿನವನ್ನು, ಸಾಧ್ಯವಾದರೆ ಸಂತೆಯ ದಿನವನ್ನೇ, ವಿತರಣೆ ನಿಲ್ಲಿಸಿ ಸಲಹೆಗೆ ಮೀಸಲಿಡಬೇಕು. ಅಂದು ಕೃಷಿ, ತೋಟಗಾರಿಕೆ ಇಲಾಖೆಗಳ ಸಿಬ್ಬಂದಿ ಒಂದೇ ಮೇಜಿನಲ್ಲಿ ಕೂತು, ಬೆಳೆ ನೋಡಿ, ಕೀಟದ ಹೆಸರು, ಮಾಡಬೇಕಾದ್ದು, ಮಾಡಬಾರದ್ದನ್ನು ವೈದ್ಯರ ಚೀಟಿಯಂತೆ ಬರೆದು ಸಹಿ ಮಾಡಿ ಕೊಡಬೇಕು. ನಕಲು ಕಚೇರಿಯಲ್ಲಿ ಉಳಿದರೆ ಯಾವ ಊರಿನಲ್ಲಿ ಯಾವ ಕೀಟ ಎದ್ದಿದೆ ಎಂಬುದು ಮೇಲಿನವರಿಗೂ ಬೇಗ ತಿಳಿಯುತ್ತದೆ. ಪಹಣಿಯಿಲ್ಲದ, ಹಿತ್ತಲಲ್ಲಿ ನಾಲ್ಕು ತೆಂಗು ಮಾತ್ರ ಇರುವವರಿಗೂ ಈ ಚೀಟಿ ಸಿಗಬೇಕು. ಅವರ ಮರದ ನೊಣವೂ ಪಕ್ಕದ ತೋಟಕ್ಕೆ ಹಾರುತ್ತದೆ.

— ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು