ಅಡಗಿ ಬದುಕುವ ಜೀವವನ್ನು ಸಾಕುವುದು

ಮಣ್ಣಿನೊಳಗೆ ಹುದುಗಿ ಬದುಕುವ ಪ್ರಾಣಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕಬಹುದೇ ಎಂಬ ಪ್ರಶ್ನೆಗೆ ಅಮೆರಿಕ ಮತ್ತು ಯುರೋಪಿನ ಹಾವುಪ್ರಿಯರಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರವೆಂದರೆ, ಅದು ಬೇಡುವುದು ತೀರ ಕಡಿಮೆಯಾದ್ದರಿಂದ ಧಾರಾಳವಾಗಿ ಸಾಕಬಹುದು ಎಂಬುದು. ಇದಕ್ಕೆ ಅವರು ಮುಂದಿಡುವ ನಿದರ್ಶನ ಕೀನ್ಯಾ ಮರಳು ಬೋವಾ. ಬೋವಾ ಎಂದರೆ ಹೆಬ್ಬಾವಿನಂತೆ ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುವ, ವಿಷವಿಲ್ಲದ ಹಾವುಗಳ ಗುಂಪು; ಅದರಲ್ಲಿ ಮರಳು ಬೋವಾಗಳು ಗಿಡ್ಡ ದೇಹದ, ಮೊಂಡು ಬಾಲದ, ನೆಲ ತೋಡಲು ಅನುಕೂಲವಾದ ಚಪ್ಪಟೆ ಮೂತಿಯ ಜಾತಿಗಳು. ಈಜಿಪ್ಟಿನಿಂದ ಟಾಂಜಾನಿಯಾದವರೆಗೆ ಒಣ ನೆಲದಲ್ಲಿ ಹರಡಿರುವ ಈ ಕಿತ್ತಳೆ ಬಣ್ಣದ, ಕಂದು ಮಚ್ಚೆಗಳ ಹಾವಿನಲ್ಲಿ ಗಂಡು ಸುಮಾರು ಒಂದೂಕಾಲು ಅಡಿ ಬೆಳೆದರೆ, ಹೆಣ್ಣು ಎರಡು ಅಡಿಗಿಂತ ತುಸು ಹೆಚ್ಚು ಬೆಳೆದು ಗಂಡಿಗಿಂತ ಬಹಳ ಹೆಚ್ಚು ತೂಗುತ್ತದೆ.

ಸಾಕುವವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಈ ಹಾವು ಸೆರೆಯಲ್ಲಿಯೇ ಸುಲಭವಾಗಿ ಮರಿ ಹಾಕುತ್ತದೆ. ಅಮೆರಿಕ, ಯುರೋಪಿನ ಮಾರುಕಟ್ಟೆಯಲ್ಲಿ ಸಿಗುವ ಮರಿಗಳಲ್ಲಿ ಅನೇಕವು ಹಲವು ತಲೆಮಾರುಗಳಿಂದ ಕಾಡನ್ನೇ ಕಾಣದವು. ವಾರಕ್ಕೋ ಹತ್ತು ದಿನಕ್ಕೋ ಒಂದು ಇಲಿ, ಕುಡಿಯಲು ನೀರು, ಒಂದು ಬದಿಯಲ್ಲಿ ಬಿಸಿ, ಇನ್ನೊಂದು ಬದಿಯಲ್ಲಿ ತಂಪು ಇದ್ದರೆ ಅದು ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಕಾಡಿನಿಂದ ಹಿಡಿದು ತರದೆ, ಸೆರೆಯಲ್ಲಿ ಹುಟ್ಟಿದ ಮರಿಯನ್ನೇ ಕೊಳ್ಳುವವನು ಆಫ್ರಿಕದ ಮರಳಿನಿಂದ ಒಂದು ಹಾವನ್ನೂ ಕದಿಯುತ್ತಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ.

ಆದರೆ ಬೇಡುವುದು ಬೇರೆ, ಬೇಕಾಗುವುದು ಬೇರೆ. ನಾಯಿ ಹಸಿದರೆ ಕುಂಯ್‌ಗುಡುತ್ತದೆ, ಹಸು ಬಾಯಾರಿದರೆ ಅಂಬಾ ಎನ್ನುತ್ತದೆ. ಹಾವಿಗೆ ದೂರು ಹೇಳುವ ದನಿಯೇ ಇಲ್ಲ. ನೆಮ್ಮದಿಯಿಂದ ಮಲಗಿದ ಮರಳು ಬೋವಾ ಮತ್ತು ಸಂಕಟದಿಂದ ಮುದುಡಿದ ಮರಳು ಬೋವಾ ಹೊರಗಿನ ಕಣ್ಣಿಗೆ ಒಂದೇ ಬಗೆಯಾಗಿ ಕಾಣುತ್ತವೆ, ಮತ್ತು ಇಲಿಯನ್ನು ಮುಟ್ಟದೆ ವಾರಗಟ್ಟಲೆ ಬಿದ್ದಿದ್ದರೂ ಅದು ಹಾವಿನ ಸಹಜ ಉಪವಾಸವಿರಬಹುದೆಂದು ಸಾಕುವವನು ಸಮಾಧಾನ ಹೇಳಿಕೊಳ್ಳಬಹುದು. ಈ ಮೌನದ ಅಪಾಯವನ್ನು ತಿಳಿಯಲು ಆ ಪೆಟ್ಟಿಗೆಯ ಅಡಿಯಲ್ಲಿ ಇಡುವ ಕಾವಿನ ಹಾಳೆಯನ್ನು, ಅಂದರೆ ವಿದ್ಯುತ್ತಿನಿಂದ ಬಿಸಿಯಾಗುವ ತೆಳು ಪಟ್ಟಿಯನ್ನು, ಗಮನಿಸಿದರೆ ಸಾಕು. ಮರುಭೂಮಿಯಲ್ಲಿ ಬಿಸಿಲು ಮೇಲಿನಿಂದ ಬೀಳುತ್ತದೆ. ನೆಲ ಕಾದಾಗ ಹಾವು ಕೆಳಕ್ಕೆ ಇಳಿಯುತ್ತದೆ, ಇಳಿದಷ್ಟೂ ತಂಪು ಸಿಗುತ್ತದೆ. ಪೆಟ್ಟಿಗೆಯಲ್ಲಿ ಈ ಲೋಕ ತಲೆಕೆಳಗಾಗಿದೆ. ಕಾವು ಅಡಿಯಿಂದ ಬರುವುದರಿಂದ, ಬಿಸಿ ತಾಳಲಾರದ ಹಾವು ತನ್ನ ವಂಶದ ಬುದ್ಧಿಯನ್ನು ನಂಬಿ ಕೆಳಕ್ಕೆ ತೋಡುತ್ತ ಹೋಗಿ ಬಿಸಿಯ ಮೂಲಕ್ಕೇ ಹೊಟ್ಟೆಯೊತ್ತಿ ಮಲಗುತ್ತದೆ, ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದಿದ್ದರೆ ಅಡಿಯ ಹುರುಪೆಗಳು ಸುಡುತ್ತವೆ. ಅದನ್ನು ಉಳಿಸಬೇಕಾದ ಬುದ್ಧಿಯೇ ಅಲ್ಲಿ ಅದನ್ನು ಸುಡುತ್ತದೆ, ಮತ್ತು ಇದೆಲ್ಲ ಸದ್ದಿಲ್ಲದೆ ಮಣ್ಣಿನಡಿ ನಡೆಯುತ್ತದೆ.

ಪ್ರಾಣಿಗಳ ಒಳಿತನ್ನು ಅಳೆಯಲು ಬ್ರಿಟನ್ನಿನ ಸಮಿತಿಯೊಂದು 1979ರಲ್ಲಿ ರೂಪಿಸಿದ ಐದು ಸ್ವಾತಂತ್ರ್ಯಗಳಲ್ಲಿ ಹಸಿವು, ನೋವು, ಭಯಗಳಿಂದ ಮುಕ್ತಿಯ ಜೊತೆಗೆ, ತನ್ನ ಜಾತಿಗೆ ಸಹಜವಾದ ನಡವಳಿಕೆಯನ್ನು ನಡೆಸುವ ಸ್ವಾತಂತ್ರ್ಯವೂ ಸೇರಿದೆ. ಸಾಕಿದ ದನಕರುಗಳಿಗಾಗಿ ಹುಟ್ಟಿದ ಅಳತೆಯಾದರೂ ಇಲ್ಲಿಗೂ ಇದು ಸಲ್ಲುತ್ತದೆ. ಮರಳು ಬೋವಾದ ಸಹಜ ನಡವಳಿಕೆಯೆಂದರೆ ಕಾಣದಿರುವುದು: ಕಣ್ಣು ಮತ್ತು ಮೂತಿಯನ್ನಷ್ಟೇ ಮರಳಿನ ಮೇಲಿಟ್ಟು ಹೊಂಚು ಹಾಕುವುದು, ಬೇಟೆ ಹತ್ತಿರ ಬಂದಾಗ ಮಿಂಚಿನಂತೆ ಎರಗುವುದು, ಮತ್ತೆ ಮುಳುಗುವುದು. ಸಾಕುವವನಿಗಾದರೋ ಬೇಕಾಗಿರುವುದು ಕಾಣುವುದು, ಕೈಮೇಲೆ ಹರಿಸಿಕೊಳ್ಳುವುದು, ನೆಂಟರಿಗೆ ತೋರಿಸುವುದು. ಈ ಎರಡರ ನಡುವಿನ ಕಲಹವೇ ಪ್ರಶ್ನೆಯ ಹೃದಯ. ಪೆಟ್ಟಿಗೆಯ ಅಳತೆ, ಇಲಿಯ ಗಾತ್ರಗಳೆಲ್ಲ ಅದರ ನಂತರದವು. ತಿಂಗಳುಗಟ್ಟಲೆ ಬರಿಯ ಮಣ್ಣನ್ನೇ ನೋಡುತ್ತ, ಒಳಗಿರುವ ಜೀವವನ್ನು ಕೆದಕದೆ, ರಾತ್ರಿ ತಾನಾಗಿ ಮೇಲೆ ಬಂದಾಗಷ್ಟೇ ನೋಡಿ ತೃಪ್ತನಾಗುವವನು ಸಾಕುವುದಕ್ಕೆ ಯೋಗ್ಯ. ಅಂಥವರು ಇದ್ದಾರೆ, ಅವರ ತಾಳ್ಮೆ ಗೌರವಕ್ಕೆ ಅರ್ಹ. ಆದರೆ ಅಪರೂಪದ ಬಣ್ಣಗಳಿಗಾಗಿ ಮರಿಗಳನ್ನು ಆರಿಸಿ ಆರಿಸಿ ಬೆಳೆಸುವ ಮಾರುಕಟ್ಟೆ ಮಾತ್ರ ನೋಡುವ ಆಸೆಯನ್ನೇ ದೊಡ್ಡದು ಮಾಡುತ್ತದೆ.

ಕರ್ನಾಟಕದಲ್ಲಿ ಈ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ. ಇಲ್ಲಿನ ಹೊಲಗಳ ಬದುಗಳಲ್ಲಿ ಇಲಿ ಹಿಡಿದು ಬದುಕುವ ಕೆಂಪು ಮರಳು ಬೋವಾವನ್ನು ಜನ ಮಣ್ಣುಮುಕ್ಕ ಹಾವೆಂದೂ ಎರಡು ತಲೆ ಹಾವೆಂದೂ ಕರೆಯುತ್ತಾರೆ. ಅದು ಮಣ್ಣು ತಿನ್ನುವುದಿಲ್ಲ, ಅದಕ್ಕೆ ಎರಡು ತಲೆಯೂ ಇಲ್ಲ. ಬೆದರಿದಾಗ ತಲೆಯನ್ನು ಸುರುಳಿಯೊಳಗೆ ಹುದುಗಿಸಿ, ತಲೆಯಂತೆಯೇ ಕಾಣುವ ಮೊಂಡು ಬಾಲವನ್ನು ಎತ್ತಿ ಆಡಿಸಿ, ಏಟನ್ನು ಬಾಲಕ್ಕೆ ತಿರುಗಿಸಿಕೊಳ್ಳುವ ಉಪಾಯವಷ್ಟೇ ಅದು. ಹದ್ದನ್ನೋ ಮುಂಗುಸಿಯನ್ನೋ ದಾರಿ ತಪ್ಪಿಸಲು ಹುಟ್ಟಿದ ಈ ಉಪಾಯ ಮನುಷ್ಯನ ಮುಂದೆ ಹಾವಿಗೇ ತಿರುಗಿಬಿದ್ದಿದೆ. ಮನೆಯಲ್ಲಿಟ್ಟರೆ ಐಶ್ವರ್ಯ ಬರುತ್ತದೆ, ನಿಧಿ ಸಿಗುತ್ತದೆ, ದೊಡ್ಡ ರೋಗ ವಾಸಿಯಾಗುತ್ತದೆ ಎಂಬ ಮೂಢನಂಬಿಕೆಗಳು ಅದರ ಮೇಲೆ ಲಕ್ಷಗಳ ಬೆಲೆ ಕಟ್ಟಿವೆ, ತೂಕ ಹೆಚ್ಚಾದಷ್ಟೂ ಬೆಲೆ ಹೆಚ್ಚೆಂಬ ಲೆಕ್ಕವೂ ಸೇರಿಕೊಂಡಿದೆ. ಬಾಲವನ್ನು ತಲೆಯಂತೆ ತೋರಿಸಲು ಅದರ ಮೇಲೆ ಗಾಯದಿಂದ ಕಣ್ಣು ಬಾಯಿಗಳ ಗುರುತು ಮಾಡುವ ಹಾವಾಡಿಗರೂ ಇದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಾವನ್ನು ಹಿಡಿಯುವುದು, ಮಾರುವುದು, ಇಟ್ಟುಕೊಳ್ಳುವುದು ಎಲ್ಲವೂ ಅಪರಾಧ. ಆದರೂ ಪೊಲೀಸರು ಬಲೆ ಬೀಸಿ ಇಂಥ ಹಾವುಗಳನ್ನು ವಶಪಡಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ನಿಂತಿಲ್ಲ.

ಕೀನ್ಯಾ ಬೋವಾದಂಥ ವಿದೇಶಿ ಹಾವಿನ ಕಥೆ ಕಾನೂನಿನಲ್ಲಿ ಬೇರೆ. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಮಿತಿ ಹಾಕುವ ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಬೋವಾಗಳೆಲ್ಲ ಇವೆ, ಮತ್ತು ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಅವನ್ನು ನೋಂದಾಯಿಸಬೇಕೆಂದು ಭಾರತದ 2024ರ ನಿಯಮಗಳು ಹೇಳುತ್ತವೆ. ನೋಂದಾಯಿಸಿ ಸಾಕುವವನು ಕಾನೂನಿನ ಮುಂದೆ ತಪ್ಪಿತಸ್ಥನಲ್ಲ. ಆದರೆ ಮರಳು ಬೋವಾ ಮನೆಯಲ್ಲಿ ಇರತಕ್ಕ ವಸ್ತು ಎಂಬ ಭಾವನೆ ಒಂದು ಜಾತಿಗೆ ಒಪ್ಪಿತವಾದರೆ ಇನ್ನೊಂದರ ಮೇಲೆ ಬೀಳದಿರುತ್ತದೆಯೇ? ಲಕ್ಷಗಳ ಬೆಲೆಯ ಭ್ರಮೆ ಈಗಾಗಲೇ ಬೇರೂರಿರುವ ನಾಡಿನಲ್ಲಿ ಈ ಹವ್ಯಾಸವನ್ನು ನಿರಪಾಯಕಾರಿ ಎನ್ನಲಾಗದು.

ಪೊಲೀಸರು ವಶಪಡಿಸಿಕೊಂಡ ಮಣ್ಣುಮುಕ್ಕ ಹಾವಿಗೆ ಬಿಡುಗಡೆಯಾದರೂ ಅದರ ತೊಂದರೆ ಮುಗಿಯುವುದಿಲ್ಲ. ತನ್ನ ನೆಲದ ಬಿಲ, ನೆರಳು, ಇಲಿಯ ಜಾಡುಗಳನ್ನು ಅರಿತು ಸಣ್ಣ ಹರವಿನಲ್ಲಿ ಬದುಕುವ ಈ ಹಾವನ್ನು ಎಲ್ಲಿಂದ ತಂದರೆಂದು ಹಿಡಿದವರು ಹೇಳುವುದಿಲ್ಲ, ಕೊಂಡವರಿಗೆ ಗೊತ್ತಿರುವುದಿಲ್ಲ. ಕೊನೆಗೆ ಅಧಿಕಾರಿಗಳು ಯಾವುದೋ ಕಾಡಂಚಿನಲ್ಲಿ ಅದನ್ನು ನೆಲಕ್ಕಿಳಿಸಿದಾಗ, ಅದು ತೋಡಿ ಇಳಿಯುವ ಮಣ್ಣು ಅದಕ್ಕೆ ಪರಿಚಯವೇ ಇಲ್ಲದ ಮಣ್ಣು.