ಪೊರಕೆಗೆ ಸಿಕ್ಕಿದ ವಸಂತ

ಪಂಚಾಂಗದ ವಸಂತ ಚೈತ್ರ ಶುದ್ಧ ಪಾಡ್ಯಮಿಯಂದು ಬರುತ್ತದೆ. ಬೀದಿಯ ವಸಂತ ಅದಕ್ಕೂ ಮೊದಲೇ ಗೃಹಿಣಿಯ ಪೊರಕೆಗೆ ಸಿಕ್ಕಿಬಿಟ್ಟಿರುತ್ತದೆ. ಶಿವರಾತ್ರಿ ಕಳೆಯುವ ಹೊತ್ತಿಗೆ ಬೆಂಗಳೂರು, ಮೈಸೂರುಗಳ ಹೊಂಗೆ ಮರಗಳು ಎಲೆ ಉದುರಿಸತೊಡಗುತ್ತವೆ. ಅಂಗಳ ಗುಡಿಸಿ, ರಂಗೋಲಿ ಇಟ್ಟು ಒಳಗೆ ಹೋಗುವಷ್ಟರಲ್ಲಿ ಅದರ ಮೇಲೆ ಮತ್ತೆ ಹತ್ತು ತರಗೆಲೆ. “ಈ ಮರವನ್ನು ಕಡಿಸಬಾರದೆ?” ಎಂಬ ಮಾತು ಹುಟ್ಟುವುದು ಆಗಲೇ.

ಸ್ವಲ್ಪ ತಾಳಬೇಕು. ಶೀತದೇಶದ ಮರ ಚಳಿಗಾಲವಿಡೀ ಬೋಳಾಗಿ ನಿಂತು ವಸಂತಕ್ಕಾಗಿ ಕಾಯುತ್ತದೆ. ಹೊಂಗೆಗೆ ಅಷ್ಟು ವ್ಯವಧಾನವಿಲ್ಲ. ಹಳೆಯ ಎಲೆ ನೆಲಕ್ಕೆ ಬಿದ್ದ ಕೆಲವೇ ದಿನಗಳಲ್ಲಿ ಕೊಂಬೆಗಳೆಲ್ಲ ಎಳೆಹಸುರಿನಿಂದ ಹೊಳೆಯುತ್ತವೆ. ಮಳೆಯ ಹನಿಯಿಲ್ಲದ ದಿನಗಳಲ್ಲಿ ಈ ಸಂಭ್ರಮಕ್ಕೆ ನೀರೊದಗಿಸುವುದು ಆಳಕ್ಕಿಳಿದ ಬೇರು. ಬಿಸಿಲು ಏರುವ ಮೊದಲೇ ನೆರಳು ಸಿದ್ಧ!

ಅಷ್ಟರಲ್ಲಿ ಮನೆಯೊಳಗೂ ಋತು ಕಾಲಿಟ್ಟಿರುತ್ತದೆ. ಅಟ್ಟದಿಂದ ಮಣ್ಣಿನ ಹೂಜಿ ಇಳಿಯುತ್ತದೆ. ಮಹಡಿಯ ಬಿಸಿಲಿಗೆ ಸಂಡಿಗೆ ಏರುತ್ತದೆ. ಎಳೆಯ ಮಾವಿನಕಾಯಿ ಚಿತ್ರಾನ್ನಕ್ಕೆ ಹುಳಿಯಾಗುತ್ತದೆ. ಯುಗಾದಿಯ ಬೆಲ್ಲದೊಡನೆ ಬೆರೆಯುವ ಬೇವಿನ ಹೂವೂ ಯಾವುದೋ ಬೀದಿಯ ಮರದ್ದೇ.

ಮರ ಕಡಿಯಲು ಅನುಮತಿ ಬೇಕೆಂದು ರಾಜ್ಯದಲ್ಲಿ 1976ರ ಕಾನೂನೇ ಇದೆ. ಆದರೆ ಬುಡದ ಸುತ್ತ ಸಿಮೆಂಟು ಬಳಿದು, ಕಡಿಯದೆಯೇ ಮರವನ್ನು ಕೊಲ್ಲಬಹುದು. ಬೇರಿಗೆ ನೀರೂ ಗಾಳಿಯೂ ತಲುಪದಿದ್ದರೆ ಚಿಗುರು ಎಲ್ಲಿಂದ ಬಂದೀತು? ಬುಡದಲ್ಲಿ ನಾಲ್ಕು ಅಡಿ ಮಣ್ಣನ್ನು ಹಾಗೆಯೇ ಬಿಟ್ಟು, ಗುಡಿಸಿದ ತರಗೆಲೆಗೆ ಬೆಂಕಿಯಿಡದೆ ಅಲ್ಲಿಯೇ ಹರಡಿದರೆ ಈ ವರ್ಷದ ಕಸ ಮುಂದಿನ ವಸಂತದ ಗೊಬ್ಬರವಾಗುತ್ತದೆ. ಕೆಲದಿನ ಪೊರಕೆ ಹಿಡಿದ ಕೈಯ ಋಣವನ್ನು ಮರ ಬೇಸಗೆಯುದ್ದಕ್ಕೂ ನೆರಳಾಗಿ ತೀರಿಸುತ್ತದೆ.