ಅರ್ಧಕ್ಕೇ ನಿಲ್ಲುವ ಪದವಿ

ಮಕ್ಕಳು ಕಾಲೇಜು ಸೇರಿದ ಸುದ್ದಿ ಊರಿಗೆಲ್ಲ ತಿಳಿಯುತ್ತದೆ. ಬಿಟ್ಟ ಸುದ್ದಿ ಮನೆಯೊಳಗೇ ಉಳಿಯುತ್ತದೆ. ಮಂಗಳೂರಿನಲ್ಲಿ 1880ರಲ್ಲಿ ಯೇಸುಸಭೆಯ ಗುರುಗಳು ಸಂತ ಅಲೋಶಿಯಸ್ ಕಾಲೇಜನ್ನೂ, 1921ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳಿಗಾಗಿ ಸಂತ ಆಗ್ನೆಸ್ ಕಾಲೇಜನ್ನೂ ತೆರೆದರು. ಇಂದು ಕರಾವಳಿಯಲ್ಲಿ ಕಾಲೇಜುಗಳಿಗೆ ಕೊರತೆಯಿಲ್ಲ. ಹಾಗಿದ್ದರೂ ಪದವಿಯನ್ನು ಪೂರೈಸದೆ ಹಿಂದಿರುಗುವ ಯುವಜನರು ನಮ್ಮ ಧರ್ಮಕೇಂದ್ರಗಳಲ್ಲಿ ಇದ್ದಾರೆ.

‘ಓದುವ ಮನಸ್ಸಿಲ್ಲ’ ಎಂಬ ಒಂದೇ ಮಾತಿನಿಂದ ನಾವು ಇದನ್ನು ಮುಗಿಸಿಬಿಡುತ್ತೇವೆ. ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ವಿದ್ಯಾರ್ಥಿಗೆ ವಿಜ್ಞಾನ, ವಾಣಿಜ್ಯದ ಪಾಠಗಳು ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಮೊದಲ ಸೆಮಿಸ್ಟರಿನಲ್ಲಿ ಒಂದೆರಡು ವಿಷಯಗಳು ಬಾಕಿ ಉಳಿದರೆ, ಮುಂದೆ ಹೊಸ ಪಾಠಗಳ ಮೇಲೆ ಹಳೆಯ ಹೊರೆಯೂ ಸೇರುತ್ತದೆ. ಅಳುಕಿ ತರಗತಿ ತಪ್ಪಿಸಿದರೆ ಹಾಜರಿ ಶೇಕಡಾ 75ಕ್ಕಿಂತ ಕೆಳಗಿಳಿದು, ಪರೀಕ್ಷೆಗೆ ಕೂರುವ ಅವಕಾಶವೇ ತಪ್ಪುವ ಭಯ. ವಿದ್ಯಾರ್ಥಿವೇತನ ದೊರೆತರೂ ಬಸ್ಸು, ಹಾಸ್ಟೆಲ್, ಪುಸ್ತಕದ ಖರ್ಚು ನಿಲ್ಲದು. ಅಷ್ಟರಲ್ಲಿ ಗಲ್ಫಿನಲ್ಲಿರುವ ಸಂಬಂಧಿಕರು ಕೆಲಸವೊಂದರ ಸುದ್ದಿ ತಂದರೆ, ‘ಡಿಗ್ರಿ ಆಮೇಲೆ ನೋಡೋಣ’ ಎನ್ನುವುದು ಸುಲಭ. ಆ ‘ಆಮೇಲೆ’ ಎಷ್ಟೋ ಜನರ ಬಾಳಿನಲ್ಲಿ ಬರುವುದೇ ಇಲ್ಲ.

ಮನೆಯ ಕಷ್ಟ ನೋಡಲಾರದೆ ದುಡಿಯಲು ಹೊರಟವರನ್ನು ನಾವು ದೂಷಿಸುವುದಿಲ್ಲ. ಸೋಲಿನ ನಾಚಿಕೆಯಿಂದ ಕಾಲೇಜು ಬಿಟ್ಟವರ ಬಗ್ಗೆ ಮಾತ್ರ ನಮಗೆ ವ್ಯಥೆಯಿದೆ; ಅವರನ್ನು ಉಳಿಸಿಕೊಳ್ಳಬಹುದಿತ್ತು. ಅಂಕಪಟ್ಟಿಯನ್ನು ಬಚ್ಚಿಡುವ ಮಗ ಅಂಜುವುದು ತಂದೆಯ ಗದರಿಕೆಗೆ, ನೆರೆಮನೆಯ ಮಗನೊಂದಿಗಿನ ಹೋಲಿಕೆಗೆ. ಮನೆಯಲ್ಲಿ ಹೇಳಿಕೊಳ್ಳಲಾಗದ ಸೋಲು ಒಳಗೊಳಗೇ ಬೆಳೆಯುತ್ತದೆ.

ಎಸ್ಸೆಸ್ಸೆಲ್ಸಿ, ಪಿಯುಸಿಗಳಲ್ಲಿ ಹೆಚ್ಚು ಅಂಕ ಗಳಿಸಿದವರನ್ನು ಚರ್ಚಿನಲ್ಲಿ ಸನ್ಮಾನಿಸುತ್ತೇವೆ. ಅದು ಯೋಗ್ಯವೇ. ಆದರೆ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ಕಳೆದುಹೋದ ಒಂದನ್ನು ಅರಸಿ ಹೊರಟ ಕುರಿಗಾಹಿಯ ಸಾಮತಿಯನ್ನೂ ನಾವು ಅದೇ ಚರ್ಚಿನಲ್ಲಿ ಕೇಳುತ್ತೇವೆ. ಎಡವಿದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ನಮ್ಮ ವಾಳೆಗಳಲ್ಲಿ ನಿವೃತ್ತ ಅಧ್ಯಾಪಕರಿದ್ದಾರೆ, ಪದವೀಧರ ಯುವಜನರಿದ್ದಾರೆ. ವಾರಕ್ಕೆ ಎರಡು ಸಂಜೆ ಅವರು ಬಾಕಿ ವಿಷಯಗಳ ಪಾಠ ಹೇಳಿಕೊಡಬಹುದು. ಬಡವರ ನೆರವಿಗೆ ನಿಂತಿರುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಗೆ ನಾವು ಹೆಚ್ಚಿನ ಕಾಣಿಕೆ ನೀಡಿದರೆ ಒಬ್ಬರ ಬಸ್ ಪಾಸಿಗೆ, ಇನ್ನೊಬ್ಬರ ಪರೀಕ್ಷಾ ಶುಲ್ಕಕ್ಕೆ ಆಧಾರವಾದೀತು. ಇನ್ನು ತಂದೆತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೇ: ಈ ಸಲದ ಫಲಿತಾಂಶ ಬಂದಾಗ ಅಂಕಗಳನ್ನು ಕೇಳುವ ಮೊದಲು, ಯಾವ ಪಾಠ ಕಷ್ಟವಾಯಿತು ಎಂದು ಮಕ್ಕಳನ್ನು ಕೇಳಿರಿ.